ಒಂದು ಪೋಸ್ಟ್ ಕಾರ್ಡಿನ ಧೈರ್ಯ

ನಮ್ಮ ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ. ನೌಕರಿಗೆಂದು ಇಲ್ಲಿನ ಹುಡುಗರು ಹೈವೇ ಹಿಡಿದು ಕಾಗಲ, ಕೊಲ್ಹಾಪುರ, ಪುಣೆಗೆ ಹೋಗುತ್ತಾರೆ. ಮೊನ್ನೆ ಅಕ್ಕನ ಮಗ ಪುಣೆಯ ಇಂಟರ್‌ವ್ಯೂಗೆಂದು "ನಾನು ಧೈರ್ಯವಂತ, ಪರಿಶ್ರಮಿ" ಅಂತ ಬಾಯಿಪಾಠ ಮಾಡುತ್ತಿದ್ದ. ಅವನಿಗೆ ಈ ಹಳೆಯ ಸಂಗತಿ ಹೇಳಿದೆ.

1974ನೇ ಇಸವಿ. ಶಿಗ್ಗಾಂವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಕುಲಕರ್ಣಿ (ಮುಂದೆ ಸುಧಾ ಮೂರ್ತಿ) ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ನೋಟಿಸ್ ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು, ಕೊನೆಗೊಂದು ಸಾಲು: ಮಹಿಳೆಯರು ಅರ್ಜಿ ಹಾಕಬೇಕಿಲ್ಲ! ಸಿಟ್ಟು ಬಂದು, ಇದು ಅನ್ಯಾಯವೆಂದು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಹತ್ತು ದಿನದೊಳಗೆ ಪುಣೆಗೆ ಬರಲು ತಂತಿ ಬಂತು, ಖರ್ಚು ಕಂಪನಿಯದೇ.

ತಾಂತ್ರಿಕ ಪ್ರಶ್ನೆಗಳಿಗೆಲ್ಲ ಉತ್ತರಿಸಿದರು. ಕಾರ್ಖಾನೆಯೊಳಗೆ ಈವರೆಗೆ ಹೆಂಗಸರನ್ನು ತೆಗೆದುಕೊಂಡಿಲ್ಲ ಎಂದಾಗ, ಎಲ್ಲಿಂದಾದರೂ ಶುರುವಾಗಬೇಕಲ್ಲ ಎಂದರಂತೆ. ನೌಕರಿ ಸಿಕ್ಕಿತು, ಅಲ್ಲಿನ ಮೊದಲ ಮಹಿಳಾ ಇಂಜಿನಿಯರ್ ಆದರು.

ನೋಡಿ, ತಮಗೆ ಧೈರ್ಯವಿದೆ ಎಂದು ಅವರು ಹೇಳಿಕೊಳ್ಳಬೇಕಾಗಲಿಲ್ಲ, ಕಾರ್ಡು ಮೊದಲೇ ಹೇಳಿತ್ತು. ಆದರೆ ಕಾರ್ಡು ಬಾಗಿಲು ತೆರೆಸಿತಷ್ಟೇ, ಒಳಗೆ ಕೂರಿಸಿದ್ದು ಓದು.

ನಮ್ಮ ಹುಡುಗ ರಜೆಯಲ್ಲೆಲ್ಲ ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ದುಡಿದು ಫೀಸು ಕಟ್ಟಿದವನು. "ಅದನ್ನೂ ಹೇಳಬೇಕೇನ ಮಾಮಾ?" ಅಂದ.

"ಅದನ್ನೇ ಹೇಳೋ" ಅಂದೆ.