ನೀಹಾರಿಕೆಯ ಬಣ್ಣ: ಗಾಜಿನ ಫಲಕದಿಂದ ಗಂಧಕದ ಕೆಂಪಿನವರೆಗೆ

ಗರುಡ ನೀಹಾರಿಕೆಯ ‘ಸೃಷ್ಟಿಯ ಸ್ತಂಭಗಳು’ ಚಿತ್ರ ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ಈ ಬಣ್ಣ ನಿಜವೇ? ಹಿಂದೆ ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ಹಿಡಿಯುತ್ತಿತ್ತು, ಕಂಪ್ಯೂಟರ್ ಬಂದ ಮೇಲೆ ಬಣ್ಣ ಬಳಿಯುವುದು ಶುರುವಾಯಿತು ಎಂಬ ನಂಬಿಕೆ ಈ ಪ್ರಶ್ನೆಯ ಬೆನ್ನಿಗಿದೆ. ಚರಿತ್ರೆಯ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. ನೀಹಾರಿಕೆಯ ಛಾಯಾಚಿತ್ರದಲ್ಲಿ ಬಣ್ಣ ಯಾವತ್ತೂ ಹಂಚಿಕೆಯ ಫಲ. ಯಾವ ಬೆಳಕಿಗೆ ಯಾವ ಬಣ್ಣ, ಎಷ್ಟು ಪಾಲು ಎಂಬುದನ್ನು ಯಾರೋ ಒಬ್ಬರು ತೀರ್ಮಾನಿಸಲೇಬೇಕಾಗಿತ್ತು. ವ್ಯತ್ಯಾಸವಿರುವುದು ಆ ತೀರ್ಮಾನ ಎಲ್ಲಿ ನಡೆಯಿತು, ಅದು ದಾಖಲಾಯಿತೇ ಎಂಬುದರಲ್ಲಿ.

ಕಣ್ಣೇ ಇಲ್ಲಿ ನಿಷ್ಪಕ್ಷಪಾತ ಸಾಕ್ಷಿಯಲ್ಲ. ಮಂದ ಬೆಳಕಿನಲ್ಲಿ ದುಡಿಯುವ ದಂಡಕೋಶಗಳು 500 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಜಲಜನಕದ ಎಚ್-ಆಲ್ಫಾ ಕೆಂಪು, ಅಂದರೆ 656.3 ನ್ಯಾನೊಮೀಟರ್‌ನ ಬೆಳಕು, ಅವುಗಳ ಪಾಲಿಗೆ ಇಲ್ಲದಷ್ಟೇ. ಹಾಗಾಗಿ ದೊಡ್ಡ ದೂರದರ್ಶಕದಲ್ಲೂ ಒರಾಯನ್ ನೀಹಾರಿಕೆ ಬೂದು ಬೆರೆತ ಹಸಿರಾಗಿ ಕಾಣುತ್ತದೆ. 1864ರ ಆಗಸ್ಟ್ 29ರಂದು ವಿಲಿಯಂ ಹಗಿನ್ಸ್ ಡ್ರೇಕೊ ಪುಂಜದ ಒಂದು ನೀಹಾರಿಕೆಯ ರೋಹಿತವನ್ನು ನೋಡಿದಾಗ ಕಂಡದ್ದು ಕೆಲವೇ ಪ್ರಕಾಶಮಾನ ಗೆರೆಗಳು; ಅವುಗಳಲ್ಲಿ ಪ್ರಬಲವಾದದ್ದು ಹಸಿರು. ಅದಕ್ಕೆ ಕಾರಣ ‘ನೆಬ್ಯುಲಿಯಂ’ ಎಂಬ ಹೊಸ ಧಾತುವೆಂದು ದಶಕಗಳ ಕಾಲ ಊಹಿಸಲಾಗಿತ್ತು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೇ ಅದು ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರ ರಾತ್ರಿ 51 ನಿಮಿಷಗಳ ಎಕ್ಸ್‌ಪೋಷರ್ ಕೊಟ್ಟು ಒರಾಯನ್ ನೀಹಾರಿಕೆಯ ಮೊದಲ ಛಾಯಾಚಿತ್ರ ಪಡೆದರು. ಆ ಕಾಲದ ಒಣ ಫಲಕಗಳು ನೀಲಿ ಮತ್ತು ನೇರಳೆಗೆ ಮಾತ್ರ ಸ್ಪಂದಿಸುತ್ತಿದ್ದವು. ನೀಹಾರಿಕೆಯ ಕೆಂಪು ಬೆಳಕು ಆ ಚಿತ್ರದೊಳಗೆ ಬರಲೇ ಇಲ್ಲ. ಕಪ್ಪು-ಬಿಳುಪು ಚಿತ್ರವೂ ಬಣ್ಣದ ಆಯ್ಕೆಯೇ ಆಗಿತ್ತೆಂಬುದನ್ನು ನಾವು ಮರೆಯುತ್ತೇವೆ.

ಬಣ್ಣದ ಫಿಲ್ಮ್ ಈ ತೊಡಕನ್ನು ಬಿಡಿಸಲಿಲ್ಲ. 1950ರ ದಶಕದ ಕೊನೆಯಲ್ಲಿ ವಿಲಿಯಂ ಮಿಲ್ಲರ್ ಪಾಲೊಮಾರ್‌ನ 200 ಅಂಗುಲದ ದೂರದರ್ಶಕದಲ್ಲಿ ಆನ್ಸ್‌ಕೊಕ್ರೋಮ್ ಫಿಲ್ಮ್ ಬಳಸಿ ತೆಗೆದ ಚಿತ್ರಗಳು 1959ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಪ್ರಕಟವಾದವು. ಲೋಕ ಅವನ್ನು ಆಕಾಶದ ಸಹಜ ಬಣ್ಣವೆಂದು ಸ್ವೀಕರಿಸಿತು. ಆದರೆ ದೀರ್ಘ ಎಕ್ಸ್‌ಪೋಷರ್‌ನಲ್ಲಿ ಫಿಲ್ಮಿನ ಮೂರು ಪದರಗಳು ಮೂರು ಬೇರೆ ಬೇರೆ ವೇಗದಲ್ಲಿ ದಣಿಯುತ್ತವೆ; ಬಣ್ಣದ ಸಮತೋಲ ತಪ್ಪುತ್ತದೆ. ಮಿಲ್ಲರ್ ಅದನ್ನು ಅಳೆದು, ತಿದ್ದಿಯೇ ಚಿತ್ರಗಳನ್ನು ಹೊರಗೆ ತಂದರು. ಇನ್ನೊಂದು ಕೊರತೆ ಫಿಲ್ಮಿನ ಹುಟ್ಟಿನಲ್ಲೇ ಇತ್ತು. ನೀಲಿ ಪದರಕ್ಕೂ ಹಸಿರು ಪದರಕ್ಕೂ ನಡುವೆ, 500 ನ್ಯಾನೊಮೀಟರ್ ಬಳಿ, ಸಂವೇದನೆ ಕುಸಿಯುತ್ತದೆ. ಆಮ್ಲಜನಕದ ಗೆರೆ 500.7ರಲ್ಲಿದೆ. ಹಗಿನ್ಸರ ಕಣ್ಣಿಗೆ ಎಲ್ಲಕ್ಕಿಂತ ಎದ್ದು ಕಂಡ ಹಸಿರು ಫಿಲ್ಮಿನಲ್ಲಿ ಸೊರಗಿ, ನೀಹಾರಿಕೆ ಎಂದರೆ ಕೆಂಪು ಎಂಬ ಕಲ್ಪನೆ ಜನಮನದಲ್ಲಿ ಬೇರೂರಿತು.

ದಾರಿ ಬದಲಿಸಿದವರು ಡೇವಿಡ್ ಮಾಲಿನ್. ರಸಾಯನಶಾಸ್ತ್ರ ಮತ್ತು ಸೂಕ್ಷ್ಮದರ್ಶಕದ ಕೆಲಸದಿಂದ ಬಂದ ಅವರು 1975ರಲ್ಲಿ ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯ ಸೇರಿದರು. ಸೈಡಿಂಗ್ ಸ್ಪ್ರಿಂಗ್‌ನ 3.9 ಮೀಟರ್ ದೂರದರ್ಶಕದಲ್ಲಿ ಅವರು ಬಣ್ಣದ ಫಿಲ್ಮನ್ನು ಬದಿಗಿಟ್ಟು, ಬೇರೆ ಬೇರೆ ಫಿಲ್ಟರ್‌ಗಳ ಮೂಲಕ ಮೂರು ಕಪ್ಪು-ಬಿಳುಪು ಗಾಜಿನ ಫಲಕಗಳನ್ನು ಬಳಸಿದರು. ಪ್ರತಿ ಫಲಕದ ಪಾಸಿಟಿವ್ ನಕಲು ತೆಗೆದು, ಕತ್ತಲಕೋಣೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಒಂದರ ಮೇಲೊಂದನ್ನು ಕೂರಿಸಿದರು. ಮ್ಯಾಕ್ಸ್‌ವೆಲ್ 1861ರಲ್ಲಿ ಬಣ್ಣದ ರಿಬ್ಬನ್ನೊಂದನ್ನು ತೋರಿಸಿದ ತತ್ತ್ವವೇ ಇದು. ಫಲಕದ ಮಸುಕಾದ ನಕಲನ್ನು ಮೂಲದ ಮೇಲಿಟ್ಟು ಪ್ರಕಾಶದ ಏರಿಳಿತ ತಗ್ಗಿಸುವ ‘ಅನ್‌ಶಾರ್ಪ್ ಮಾಸ್ಕಿಂಗ್’ ಅವರ ಕೈಯಲ್ಲಿ ಪಳಗಿತು. ಮಾಲಿನ್ನರ ಸಾಧನೆಯ ಮಹತ್ವ ನನ್ನ ದೃಷ್ಟಿಯಲ್ಲಿ ಸೌಂದರ್ಯಕ್ಕಿಂತ ದೊಡ್ಡದು: ಕಾರ್ಖಾನೆಯ ಪದರಗಳೊಳಗೆ ಅಡಗಿದ್ದ ಹಂಚಿಕೆಯನ್ನು ಅವರು ಹೊರಗೆಳೆದು, ಪರೀಕ್ಷಿಸಬಹುದಾದ ಹಂತಗಳಾಗಿ ಬಿಡಿಸಿಟ್ಟರು.

1995ರ ಏಪ್ರಿಲ್ 1ರಂದು ಹಬಲ್ ಸೆರೆಹಿಡಿದ, ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಕೆಲಸ ಮಾಡಿದ ಗರುಡ ನೀಹಾರಿಕೆಯ ಚಿತ್ರ ಅದೇ ಬಿಡಿಸಿಟ್ಟ ದಾರಿಯಲ್ಲಿ ಮುಂದುವರಿದದ್ದು. ಒಂದು ಬಾರಿ ಅಯಾನೀಕೃತವಾದ ಗಂಧಕಕ್ಕೆ ಕೆಂಪು, ಎಚ್-ಆಲ್ಫಾಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ. ಗಂಧಕದ ಗೆರೆಗಳು 671.6 ಮತ್ತು 673.1 ನ್ಯಾನೊಮೀಟರ್‌ನಲ್ಲಿವೆ, ಎಚ್-ಆಲ್ಫಾದೊಂದಿಗೆ ಸಹಜ ಬಣ್ಣದಲ್ಲಿ ತೋರಿಸಿದರೆ ಎರಡೂ ಒಂದೇ ಕೆಂಪಾಗಿ ಕರಗುತ್ತವೆ. ಅವನ್ನು ಬೇರ್ಪಡಿಸಬೇಕಾದ ಕಾರಣ ಭೌತಿಕ. ಗಂಧಕದಿಂದ ಒಂದು ಎಲೆಕ್ಟ್ರಾನ್ ಕಿತ್ತುಹಾಕಲು 10.4 ಎಲೆಕ್ಟ್ರಾನ್‌ವೋಲ್ಟ್ ಸಾಕು, ಜಲಜನಕಕ್ಕೆ 13.6 ಬೇಕು, ಆಮ್ಲಜನಕದ ಎರಡನೆಯ ಎಲೆಕ್ಟ್ರಾನ್‌ಗೆ 35.1. ಹೀಗಾಗಿ ಆಮ್ಲಜನಕ ಬಿಸಿ ನಕ್ಷತ್ರಗಳ ಸನಿಹದಲ್ಲಿ, ಗಂಧಕ ಅನಿಲದ ಅಂಚಿನಲ್ಲಿ ಹೊಳೆಯುತ್ತದೆ. ಆ ಚಿತ್ರದ ಬಣ್ಣ ಶಕ್ತಿಯ ನಕ್ಷೆ. ಉದ್ದ ತರಂಗಕ್ಕೆ ಕೆಂಪು, ಗಿಡ್ಡದಕ್ಕೆ ನೀಲಿ ಎಂಬ ಕ್ರಮವೂ ಅದರಲ್ಲಿ ಕೆಟ್ಟಿಲ್ಲ. ಹಬಲ್ ಚಿತ್ರಗಳಲ್ಲಿ ಅಮೆರಿಕದ ಪಶ್ಚಿಮದ ಭೂದೃಶ್ಯ ಚಿತ್ರಕಲೆಯ ನೆರಳಿದೆ ಎಂದು ಕಲಾ ಇತಿಹಾಸಕಾರ್ತಿ ಎಲಿಜಬೆತ್ ಕೆಸ್ಲರ್ ತೋರಿಸಿದ್ದಾರೆ. ಚಿತ್ರದ ವಿನ್ಯಾಸಕ್ಕೆ ಅದು ಸಲ್ಲುತ್ತದೆ. ಬಣ್ಣದ ಕ್ರಮದಲ್ಲಿ ಮಾತ್ರ ಭೌತಶಾಸ್ತ್ರದ ಕೈಯೇ ಮೇಲು ಎಂಬುದು ನನ್ನ ನಿಲುವು.

ಹವ್ಯಾಸಿಗಳು ಈ ಪ್ಯಾಲೆಟ್ಟನ್ನು ತಮ್ಮದಾಗಿಸಿಕೊಂಡಾಗ ಹೊಸ ತೊಡಕುಗಳು ಎದುರಾದವು. ಎಚ್-ಆಲ್ಫಾ ಉಳಿದೆರಡಕ್ಕಿಂತ ಸಾಮಾನ್ಯವಾಗಿ ಬಹಳ ಪ್ರಬಲ. ಸಮನಾಗಿ ತೋರಿಸಿದರೆ ಚಿತ್ರವೆಲ್ಲ ಹಸಿರು. ದುರ್ಬಲ ಚಾನೆಲ್‌ಗಳ, ಅಂದರೆ ಉಳಿದೆರಡು ಗೆರೆಗಳ ಚಿತ್ರಗಳ, ಪ್ರಕಾಶವನ್ನು ಹೆಚ್ಚು ಹಿಗ್ಗಿಸಿದರೆ ನಕ್ಷತ್ರಗಳು ಮೆಜೆಂಟಾ. ಆ ಹಸಿರನ್ನು ಸಾಫ್ಟ್‌ವೇರಿನಲ್ಲಿ ತಗ್ಗಿಸಿದಾಗ ಸಿಗುವುದೇ ಇಂದು ಜನಪ್ರಿಯವಾಗಿರುವ ಚಿನ್ನ-ನೀಲಿಯ ಸೊಗಸು. ಅಲ್ಲಿಗೆ ಪ್ರಬಲ ಗೆರೆಯ ಮಾಪನವೇ ಕುಗ್ಗಿರುತ್ತದೆ. ಶಕ್ತಿಯ ನಕ್ಷೆ ಅರ್ಧ ಅಳಿಸಿರುತ್ತದೆ. ಸಹಜ ಬಣ್ಣದ ಚಿತ್ರಕ್ಕೆ ಎಚ್-ಆಲ್ಫಾ ಬೆರೆಸುವವರು ಅದನ್ನು ಕೆಂಪು ಚಾನೆಲ್‌ಗೆ ಮಾತ್ರ ಸೇರಿಸಿದರೆ ಇಟ್ಟಿಗೆ ಬಣ್ಣ ಬರುತ್ತದೆ. ಜಲಜನಕ 486.1ರಲ್ಲೂ ಎಚ್-ಬೀಟಾ ಬೆಳಕು ಸೂಸುತ್ತದೆ. 10,000 ಕೆಲ್ವಿನ್ ತಾಪದ ಅನಿಲದಲ್ಲಿ ಎರಡರ ಅನುಪಾತ ಸುಮಾರು 2.86ಕ್ಕೆ 1. ನಡುವಿನ ದೂಳು ನೀಲಿಯನ್ನು ಇನ್ನಷ್ಟು ಹೀರುತ್ತದೆ. ನೀಲಿ ಚಾನೆಲ್‌ಗೂ ಎಚ್-ಆಲ್ಫಾದ ಒಂದು ಪಾಲು ಕೊಟ್ಟು ಗುಲಾಬಿ ತರುವ ರೂಢಿಗೆ ಈ ಅನುಪಾತವೇ ಆಧಾರ.

ಹಿಗ್ಗಿಸುವಿಕೆಯೂ ಬಣ್ಣವನ್ನು ಕೆಡಿಸಬಲ್ಲದು. ಪ್ರತಿ ಚಾನೆಲ್ಲನ್ನು ಪ್ರತ್ಯೇಕವಾಗಿ ಹಿಗ್ಗಿಸಿದರೆ ಪ್ರಕಾಶಮಾನ ಭಾಗ ಬಿಳಿಚುತ್ತದೆ. ಮೂರರ ಒಟ್ಟು ತೀವ್ರತೆಯನ್ನು ಆರ್ಕ್‌ಸೈನ್‌ಎಚ್ ವಕ್ರದಿಂದ ಹಿಗ್ಗಿಸಿ, ಅನುಪಾತ ಕಾಪಾಡುವ ವಿಧಾನವನ್ನು ರಾಬರ್ಟ್ ಲಪ್ಟನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. 2022ರಲ್ಲಿ ಪಿಕ್ಸ್‌ಇನ್‌ಸೈಟ್ ಎಂಬ ಸಾಫ್ಟ್‌ವೇರ್ ಗಯಾ ಉಪಗ್ರಹದ ನಕ್ಷತ್ರ ರೋಹಿತಗಳನ್ನೇ ಬಣ್ಣದ ಅಳತೆಗೋಲಾಗಿಸಿತು. ಆದರೂ ಯಾವುದು ಬಿಳಿ ಎಂಬುದನ್ನು ಬಳಕೆದಾರರೇ ಆರಿಸಬೇಕು: ಸೂರ್ಯನಂಥ ನಕ್ಷತ್ರವೋ, ಸರಾಸರಿ ಸುರುಳಿ ಗ್ಯಾಲಕ್ಸಿಯೋ?

ಯಾವ ತರಂಗಾಂತರಕ್ಕೆ ಯಾವ ಬಣ್ಣ ಕೊಟ್ಟಿದೆ ಎಂಬುದನ್ನು ಚಿತ್ರದ ಕಡತದಲ್ಲೇ ಬರೆದಿಡಲು ವೀಕ್ಷಣಾಲಯಗಳಿಗೆ ಎವಿಎಂ ಎಂಬ ಮಾನಕವಿದೆ. ಹವ್ಯಾಸಿಗಳ ಸಾಫ್ಟ್‌ವೇರ್ ಕೂಡ ಪ್ರತಿ ಹಂತವನ್ನು ನೆನಪಿಟ್ಟುಕೊಳ್ಳುತ್ತದೆ. ಚಿತ್ರ ಜೆಪೆಗ್ ಆಗಿ ಹಂಚಿಕೆಯಾಗುವಾಗ ಆ ವಿವರ ಹಲವು ಬಾರಿ ಕಳಚಿಹೋಗುತ್ತದೆ. ಮಿಶ್ರಣದ ಅನುಪಾತ, ತಗ್ಗಿಸಿದ ಹಸಿರು, ಆರಿಸಿದ ಬಿಳಿ, ಈ ಮೂರನ್ನು ಚಿತ್ರದ ಅಡಿಬರಹದಲ್ಲಿ ಬರೆಯಲು ಎರಡು ಸಾಲು ಸಾಕು.