ಕಸ ಹೋಗುವುದೆಲ್ಲಿಗೆ?

ಬೀದಿ ಮೂಲೆಯ ಕಸದ ರಾಶಿ ಇಂದು ನಿನ್ನೆಯ ಪಿಡುಗೆಂದು ನಾವು ಭಾವಿಸುತ್ತೇವೆ. ಅದರ ಹಿಂದೆ ದೀರ್ಘ ಚರಿತ್ರೆಯಿದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಾದ ಪೇಟೆಯ ಜನ ಮನೆ ತೊರೆದರು. ಬಳಿಕ ಬೆಳೆದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಲ್ಲಿ ಅಗಲವಾದ ಬೀದಿಗಳಿದ್ದವು. ಮನೆಗಳ ಹಿಂದೆ ಹೊಲಸು ಸಾಗಿಸಲು ಓಣಿಗಳಿದ್ದವು. ಮುಂಬಾಗಿಲ ಶುಚಿಯ ಭಾರವನ್ನು ಹಿಂದಿನ ಓಣಿಯಲ್ಲಿ ಹೊತ್ತವರು ಪೌರಕಾರ್ಮಿಕರು. ನೈರ್ಮಲ್ಯವನ್ನೇನೋ ಕಲಿತೆವು, ಜೊತೆಗೆ ನಮ್ಮ ಹೊಲಸು ಇನ್ನೊಬ್ಬರ ಪಾಲೆಂಬುದನ್ನೂ ರೂಢಿಸಿಕೊಂಡೆವು.

ಆ ಕಾಲದ ಕಸ ಹೆಚ್ಚಾಗಿ ಬೂದಿ, ಸಗಣಿ, ತರಕಾರಿ ಸಿಪ್ಪೆ. ತಿಪ್ಪೆ ಸೇರಿದರೆ ಅದು ಗೊಬ್ಬರ. ಪ್ಲಾಸ್ಟಿಕ್ ಬೆರೆತ ಮೇಲೆ ಗೊಬ್ಬರವಾಗಬೇಕಾದದ್ದೂ ವಿಷವಾಯಿತು. 1996ರಲ್ಲಿ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2000ದಲ್ಲಿ ದೇಶಕ್ಕೆ ಘನತ್ಯಾಜ್ಯ ನಿಯಮಗಳು ಬಂದವು. ಆದರೂ ಬೆಂಗಳೂರಿನ ಬೆರಕೆ ಕಸ ಮಾವಳ್ಳಿಪುರ, ಮಂಡೂರುಗಳತ್ತ ಸಾಗುತ್ತಲೇ ಇತ್ತು. ನೀರು ಕೆಟ್ಟು, ದುರ್ನಾತದಿಂದ ಬೇಸತ್ತ ಹಳ್ಳಿಗರು ಲಾರಿಗಳನ್ನು ತಡೆದರು. 2012ರಲ್ಲಿ ಮಾವಳ್ಳಿಪುರ ಬಾಗಿಲು ಮುಚ್ಚಿತು. ನಗರದ ಬೀದಿಗಳಲ್ಲೇ ಕಸ ಕೊಳೆಯಿತು. 2014ರ ಕೊನೆಗೆ ಮಂಡೂರೂ ಮುಚ್ಚಿತು.

ಹಸಿ, ಒಣ, ಅಪಾಯಕಾರಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಆದರೂ ರಾತ್ರಿ ಬೈಕಿನಲ್ಲಿ ಬಂದು ಖಾಲಿ ನಿವೇಶನಕ್ಕೆ ಚೀಲ ಎಸೆದು ಹೋಗುವವರಿದ್ದಾರೆ. ಗೋಡೆಗೆ ದೇವರ ಚಿತ್ರ ಅಂಟಿಸಿ ಕಸ ತಡೆಯಲೆತ್ನಿಸುವ ಸಮಾಜ ನಮ್ಮದು. ದೇವರಿಗೆ ಅಂಜುವ ಕೈ ನೆರೆಯವನಿಗೆ ಅಂಜುವುದಿಲ್ಲವೇಕೆ? ನಾವು ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ. ಇನ್ನೊಬ್ಬರ ಅಂಗಳ ಸೇರುತ್ತದೆ, ಅಷ್ಟೆ.