ಕೇಕಿನ ಪರಿಮಳದಲ್ಲಿ ನಮ್ಮ ಕೈ

ಈಗ ಕಿಗ್ಗದ ಕಡೆ ಮಕ್ಕಳ ಹುಟ್ಟುಹಬ್ಬಕ್ಕೆ ಪಾಯಸ ಮಾಡಿದ್ರೂ ಕೇಕ್ ಬೇಕೇ ಬೇಕು. ಒಂದು ಪದರ ಗುಲಾಬಿ, ಒಂದು ಹಳದಿ, ನಡುವೆ ಬೆಣ್ಣೆ-ಸಕ್ಕರೆ ನುಣ್ಣಗೆ ತಿರುವಿದ ಕ್ರೀಮು. ಬಣ್ಣ ಯಾವುದಾದ್ರೂ ಪರಿಮಳ ಮಾತ್ರ ವೆನಿಲ್ಲಾದ್ದೇ.

ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ. ಬೇರೆ ದೇಶದಲ್ಲಿ ನೆಟ್ಟರೆ ಹೂ ಬಿಡ್ತಿತ್ತು, ಕಾಯಿ ಕಚ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಅನ್ನೋ 12 ವರ್ಷದ ಗುಲಾಮ ಹುಡುಗ, ಸಣ್ಣ ಕಡ್ಡೀಲಿ ಹೂವಿನೊಳಗಿನ ಪೊರೆ ಎತ್ತಿ ಪರಾಗ ತಾಗಿಸಿ ಕಾಯಿ ಕಟ್ಟಿಸಿದ. ಅದರಿಂದ ಎಷ್ಟೋ ಜನ ದುಡ್ಡು ಮಾಡಿದ್ರು. ಅವನು ಬಡವನಾಗೇ 1880ರಲ್ಲಿ ತೀರಿಕೊಂಡ.

2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾಯ್ತು, ದರ ಏರ್ತು. ನಮ್ಮ ಮಲೆನಾಡಿನ ಅಡಿಕೆ ತೋಟಕ್ಕೂ ವೆನಿಲ್ಲಾ ಹಬ್ಬಿತು. ಹೂ ಅರಳಿದ ದಿನ ಬೆಳಿಗ್ಗೇನೇ ಪರಾಗ ಮುಟ್ಟಿಸಬೇಕು, ಮಧ್ಯಾಹ್ನಕ್ಕೆ ಬಾಡಿಹೋಗ್ತದೆ. ದೋಸೆ ಎರೆದು, ಕೊಟ್ಟಿಗೆ ಕೆಲಸ ಮುಗಿಸಿ, ಕಡ್ಡಿ ಹಿಡಿದು ನಾನೂ ನಮ್ಮತ್ತೆಯೂ ತೋಟಕ್ಕೆ ಓಡ್ತಿದ್ವಿ. ಕಾಯಿ ಬಲಿಯೋಕೆ ಸುಮಾರು 9 ತಿಂಗಳು, ಬಸಿರಿನ ಲೆಕ್ಕವೇ ಕಣ್ರೇ! 2004ರ ಹೊತ್ತಿಗೆ ದರ ಬೀಳೋಕೆ ಶುರುವಾಯ್ತು. ಆಮೇಲೆ ಎಷ್ಟೋ ಮನೆಯವರು ಬಳ್ಳಿ ಕಿತ್ತೇ ಬಿಟ್ರು.

ಈಗ ನಾವು ಕೇಕಿಗೆ ಹನಿಸೋ ಅಗ್ಗದ ಎಸೆನ್ಸಿಗೆ ಹೂವೂ ಬೇಡ, ಕಡ್ಡಿಯೂ ಬೇಡ. 1874ರಲ್ಲೇ ಜರ್ಮನಿಯವರು ಪೈನ್ ಮರದ ರಸದಿಂದ ಆ ಪರಿಮಳ ತಯಾರಿಸಿದ್ರು.

ವೆನಿಲ್ಲಾದ ಲಾಭ-ನಷ್ಟ ಗಂಡಸರ ಲೆಕ್ಕದ ಪುಸ್ತಕದಲ್ಲಿ ಇನ್ನೂ ಇದೆ. ನಾವು ಹೂ ಮುಟ್ಟಿದ ಬೆಳಗುಗಳನ್ನು ಯಾರೂ ಬರೆದಿಡಲಿಲ್ಲ, ಕೂಲಿಯನ್ನೂ ಕಟ್ಟಲಿಲ್ಲ. ಅದಕ್ಕೇ ನಾನಿಲ್ಲಿ ಬರೆದೆ. ನೀವೂ ಕೇಕ್ ಹಂಚುವಾಗ ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ.